ಪೆರು: ಕಳೆದುಹೋದ ಮೀನು, ಮರಳಿ ಬಂದ ಮೀನುಗಾರಿಕೆ

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿ ನಿಂತಿರುವ ಪೆರು ದೇಶದ ಕಡಲತೀರ ನಿಸರ್ಗದ ವೈಚಿತ್ರ್ಯಗಳಲ್ಲೊಂದು. ತೀರದ ನೆಲ ಮಳೆಯನ್ನೇ ಕಾಣದ ಮರುಭೂಮಿ; ಅದಕ್ಕೆ ತಾಗಿದ ಕಡಲೋ ಜಗತ್ತಿನ ಅತ್ಯಂತ ಸಮೃದ್ಧ ಮತ್ಸ್ಯಕ್ಷೇತ್ರ. 1970ರಲ್ಲಿ ಇಲ್ಲಿ ಆಂಚೊವೆಟಾ ಎಂಬ ಒಂದೇ ಜಾತಿಯ ಮೀನನ್ನು 1 ಕೋಟಿ 20 ಲಕ್ಷ ಟನ್‌ಗೂ ಹೆಚ್ಚು ಹಿಡಿಯಲಾಯಿತು. ಒಂದೇ ಜಾತಿಯ ಮೀನನ್ನು ಒಂದು ದೇಶ ಒಂದೇ ವರ್ಷದಲ್ಲಿ ಈ ಪ್ರಮಾಣದಲ್ಲಿ ಹಿಡಿದದ್ದು ಅದಕ್ಕೆ ಮುಂಚೆ ಇರಲಿಲ್ಲ. ಮೂರೇ ವರ್ಷಗಳ ಬಳಿಕ, 1973ರಲ್ಲಿ, ದೊರೆತದ್ದು 20 ಲಕ್ಷ ಟನ್‌ಗೂ ಕಡಿಮೆ. 1984ರಲ್ಲಿ ಒಂದು ಲಕ್ಷ ಟನ್ ಕೂಡ ಸಿಗಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೀನುಹಿಟ್ಟನ್ನು, ಅಂದರೆ ನಮ್ಮ ಕರಾವಳಿಯವರ ಮಾತಿನಲ್ಲಿ ಫಿಶ್‌ಮೀಲನ್ನು, ತಯಾರಿಸಿ ರಫ್ತು ಮಾಡುವ ದೇಶ ಪೆರುವೇ. ನಾಶವಾಯಿತೆಂದು ವಿಜ್ಞಾನಿಗಳೇ ಶಂಕಿಸಿದ್ದ ಮೀನುಗಾರಿಕೆಯೊಂದು ಹೇಗೆ ಮೇಲೆದ್ದಿತು, ಮೇಲೆದ್ದ ಮೇಲೆ ಅದರ ಫಲ ಯಾರಿಗೆ ಸಂದಿತು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು. ಮೊದಲನೆಯದಕ್ಕೆ ಪೆರು ನೀಡುವ ಉತ್ತರ ತೃಪ್ತಿಕರವಾಗಿದೆ. ಎರಡನೆಯದಕ್ಕೆ ಅಷ್ಟಾಗಿ ಇಲ್ಲ.

ತಣ್ಣೀರಿನ ಕಣಜ

ದಕ್ಷಿಣ ಧ್ರುವದ ಕಡೆಯಿಂದ ಪೆರುವಿನ ತೀರಗುಂಟ ಉತ್ತರಕ್ಕೆ ಹರಿದುಬರುವ ಶೀತಲ ಪ್ರವಾಹಕ್ಕೆ ಜರ್ಮನಿಯ ಪ್ರಕೃತಿವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್‌ನ ಹೆಸರಿದೆ. ತೀರಕ್ಕೆ ಸಮಾಂತರವಾಗಿ ಬೀಸುವ ಆಗ್ನೇಯ ಮಾರುತಗಳು ಮತ್ತು ಭೂಮಿಯ ಆವರ್ತನೆ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ಆ ತೆರವನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ಸತ್ತ ಜೀವಿಗಳು ಕೊಳೆತು ತಳದಲ್ಲಿ ಸಂಚಯವಾದ ನೈಟ್ರೇಟ್, ಫಾಸ್ಫೇಟ್ ಮುಂತಾದ ಪೋಷಕಾಂಶಗಳನ್ನು ಈ ನೀರು ಬಿಸಿಲು ಬೀಳುವ ಮೇಲ್ಪದರಕ್ಕೆ ತರುತ್ತದೆ. ಹೊಲಕ್ಕೆ ಗೊಬ್ಬರ ಹಾಕಿದಂತೆ, ಅದೂ ದಿನನಿತ್ಯ. ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳು ಹೆಚ್ಚುತ್ತವೆ, ಇವೆರಡನ್ನೂ ತಿಂದು ಆಂಚೊವೆಟಾ ಕೊಬ್ಬುತ್ತದೆ. ಜಗತ್ತಿನ ಸಾಗರಗಳ ವಿಸ್ತೀರ್ಣದಲ್ಲಿ ಶೇ. 0.1ಕ್ಕಿಂತಲೂ ಕಡಿಮೆ ಜಾಗ ಆಕ್ರಮಿಸಿರುವ ಈ ಜಲಭಾಗ ಜಗತ್ತಿನ ಮೀನಿನ ಸುಮಾರು ಹತ್ತನೇ ಒಂದು ಪಾಲನ್ನು ನೀಡಬಲ್ಲುದಾಗಿರುವುದರ ಗುಟ್ಟು ಇಷ್ಟೇ.

ಆಂಚೊವೆಟಾ ನಮ್ಮ ಬೂತಾಯಿಗಿಂತಲೂ ಸಣಕಲು ಮೀನು. ಹನ್ನೆರಡರಿಂದ ಇಪ್ಪತ್ತು ಸೆಂಟಿಮೀಟರ್ ಉದ್ದ, ಹೆಚ್ಚೆಂದರೆ ಮೂರು ವರ್ಷದ ಆಯುಷ್ಯ. ವರ್ಷ ತುಂಬುವುದರೊಳಗೆ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ದಟ್ಟ ಹಿಂಡುಗಳಲ್ಲಿ ತೀರದ ಸಮೀಪವೇ ಸಂಚರಿಸುತ್ತದೆ. ಬೇಗ ಹುಟ್ಟಿ ಬೇಗ ಸಾಯುವ ಈ ಸ್ವಭಾವವೇ ಅದರ ಶಕ್ತಿ, ಅದೇ ದೌರ್ಬಲ್ಯ. ಒಂದೆರಡು ಋತುಗಳ ಮರಿಗಳು ಬದುಕುಳಿಯದಿದ್ದರೆ ಇಡೀ ಸಂತತಿ ಬರಿದಾಗುತ್ತದೆ. ಒಂದೆರಡು ಋತುಗಳು ಕೈಹಿಡಿದರೆ ಮತ್ತೆ ತುಂಬಿಕೊಳ್ಳುತ್ತದೆ. ಮುಂದಿನ ಎಲ್ಲ ಘಟನಾವಳಿಯನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದು ಅಗತ್ಯ.

ಮನುಷ್ಯನಿಗಿಂತ ಮೊದಲು ಈ ಮೀನಿನ ಮೇಲೆ ಹಕ್ಕು ಸ್ಥಾಪಿಸಿದ್ದು ಹಕ್ಕಿಗಳು. ಗ್ವಾನಾಯ್ ಎಂಬ ನೀರುಕಾಗೆ, ಪಿಕೆರೊ, ಪೆಲಿಕನ್ ಇವು ಲಕ್ಷೋಪಲಕ್ಷ ಸಂಖ್ಯೆಯಲ್ಲಿ ತೀರದ ದ್ವೀಪಗಳ ಮೇಲೆ ನೆಲೆಸಿ, ಮಳೆಯಿಲ್ಲದ ಹವೆಯಲ್ಲಿ ತೊಳೆದುಹೋಗದೆ ಬೆಟ್ಟಗಟ್ಟಿದ ಹಿಕ್ಕೆಯೇ ಗ್ವಾನೊ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯುರೋಪಿನ ಹೊಲಗಳಿಗೆ ಈ ಗೊಬ್ಬರವನ್ನು ಮಾರಿ ಪೆರು ಸರ್ಕಾರ ತನ್ನ ಬೊಕ್ಕಸ ತುಂಬಿಕೊಂಡಿತು. ಗ್ವಾನೊ ಮುಗಿಯುತ್ತಾ ಬಂದಾಗ ಸಾಲದಲ್ಲಿ ಮುಳುಗಿತು. 1909ರಲ್ಲಿ ಉಳಿದ ಗ್ವಾನೊವನ್ನು ಕಾಪಾಡಲು ಸ್ಥಾಪನೆಯಾದ ಸಂಸ್ಥೆ ಹಕ್ಕಿಗಳ ಆಹಾರವಾದ ಆಂಚೊವೆಟಾವನ್ನು ಕಾರ್ಖಾನೆಗಳು ಹಿಡಿಯುವುದನ್ನು ದಶಕಗಳ ಕಾಲ ವಿರೋಧಿಸಿತು. 1950ರ ದಶಕದಲ್ಲಿ ಆ ವಿರೋಧ ಸೋತಿತು. 1950ರ ದಶಕದ ಮಧ್ಯದಲ್ಲಿ ಎರಡು ಕೋಟಿಗೂ ಹೆಚ್ಚಿದ್ದ ಹಕ್ಕಿಗಳ ಸಂಖ್ಯೆ ಮತ್ತೆಂದೂ ಆ ಮಟ್ಟ ಮುಟ್ಟಲಿಲ್ಲ.

ಚಿಂಬೋಟೆಯ ಹೊಗೆ

ಅಮೆರಿಕದ ಕ್ಯಾಲಿಫೋರ್ನಿಯಾ ತೀರದಲ್ಲಿ ಎರಡನೆಯ ಮಹಾಯುದ್ಧದ ನಂತರ ಸಾರ್ಡೀನ್ ಮೀನು ಕುಸಿದುಹೋಯಿತು. ಕೆಲಸವಿಲ್ಲದೆ ನಿಂತ ಅಲ್ಲಿನ ಕಾರ್ಖಾನೆಗಳ ಯಂತ್ರಗಳನ್ನು ಕಡಿಮೆ ಬೆಲೆಗೆ ಕೊಂಡು ಪೆರುವಿಗೆ ಸಾಗಿಸಲಾಯಿತು. ಒಂದು ಕಡಲನ್ನು ಬರಿದು ಮಾಡಿದ ಯಂತ್ರಗಳೇ ಇನ್ನೊಂದು ಕಡಲಿಗೆ ಬಂದವೆನ್ನುವುದು ಅತಿಶಯೋಕ್ತಿಯಲ್ಲ. ಯುರೋಪು ಹಾಗೂ ಅಮೆರಿಕದಲ್ಲಿ ಕೋಳಿ, ಹಂದಿ ಸಾಕಣೆ ಬೃಹತ್ ಉದ್ಯಮವಾಗಿ ಬೆಳೆಯುತ್ತಿದ್ದ ಕಾಲವದು. ಅವಕ್ಕೆ ಪ್ರೋಟೀನ್ ತುಂಬಿದ ಅಗ್ಗದ ಮೇವು ಬೇಕಿತ್ತು. ಹತ್ತಿ ನೂಲಿನ ಬಲೆಗಳ ಜಾಗಕ್ಕೆ ನೈಲಾನ್ ಬಲೆ ಬಂತು. ಬಲೆ ಎಳೆಯುವ ಯಂತ್ರ, ಮೀನನ್ನು ಹೀರಿ ಮೇಲೆತ್ತುವ ಪಂಪು, ಹಿಂಡನ್ನು ಪತ್ತೆಮಾಡುವ ಧ್ವನಿಮಾಪಕ ಒಂದರ ಹಿಂದೊಂದು ಬಂದವು. 1960ರ ದಶಕದಲ್ಲಿ, ತೂಕದ ಲೆಕ್ಕದಲ್ಲಿ, ಪೆರು ಜಪಾನನ್ನು ಹಿಂದಿಕ್ಕಿ ಜಗತ್ತಿನ ಮೊದಲ ಮೀನುಗಾರಿಕಾ ರಾಷ್ಟ್ರವಾಯಿತು.

ಈ ಉಬ್ಬರದ ಕೇಂದ್ರ ಚಿಂಬೋಟೆ ಎಂಬ ಬಂದರು. 1940ರಲ್ಲಿ ಐದು ಸಾವಿರದಷ್ಟೂ ಜನರಿಲ್ಲದಿದ್ದ ಈ ಮೀನುಗಾರರ ಊರು 1970ರ ದಶಕದ ಆರಂಭಕ್ಕೆ ಒಂದೂವರೆ ಲಕ್ಷ ಮೀರಿದ ನಗರವಾಗಿತ್ತು. ಆಂಡಿಸ್ ಪರ್ವತದ ಹಳ್ಳಿಗಳಿಂದ ಕೇಚುವಾ ಭಾಷೆಯಾಡುವ ರೈತಾಪಿ ಜನ ಕಡಲನ್ನು ಮೊದಲ ಬಾರಿಗೆ ಕಂಡದ್ದೇ ಇಲ್ಲಿನ ದಕ್ಕೆಗಳಲ್ಲಿ ಕೂಲಿಗೆ ಬಂದಾಗ. ಕಾರ್ಖಾನೆಗಳ ಚಿಮಣಿಗಳಿಂದ ಏಳುತ್ತಿದ್ದ ದುರ್ನಾತದ ಹೊಗೆಯನ್ನು ಊರಿನವರು ಹಣದ ವಾಸನೆ ಎಂದು ಸಹಿಸಿಕೊಂಡರು. ಕಾರ್ಖಾನೆಗಳು ರಕ್ತ, ಎಣ್ಣೆ ಬೆರೆತ ನೀರನ್ನು ಸಂಸ್ಕರಿಸದೆ ಎಲ್ ಫೆರೊಲ್ ಕೊಲ್ಲಿಗೆ ಬಿಟ್ಟವು. ಅದರ ತಳದಲ್ಲಿ ಮಡುಗಟ್ಟಿದ ಕೆಸರು ಇಂದಿಗೂ ಅಲ್ಲೇ ಇದೆ. ಪೆರುವಿನ ಮಹತ್ವದ ಕಾದಂಬರಿಕಾರ ಹೋಸೆ ಮರಿಯಾ ಅರ್ಗೆದಾಸ್ ತನ್ನ ಕೊನೆಯ, ಅಪೂರ್ಣ ಕಾದಂಬರಿಯ ಹಿನ್ನೆಲೆಯಾಗಿ ಆರಿಸಿಕೊಂಡದ್ದು ಇದೇ ಚಿಂಬೋಟೆಯನ್ನು. ಅದು ಅವನ ಮರಣಾನಂತರ 1971ರಲ್ಲಿ ಪ್ರಕಟವಾಯಿತು.

ಉದ್ಯಮದ ಮುಖವಾಗಿದ್ದವನು ಲೂಯಿಸ್ ಬಾಂಚೆರೊ ರೊಸ್ಸಿ. ದಕ್ಷಿಣದ ತಾಕ್ನಾ ಪಟ್ಟಣದಲ್ಲಿ 1929ರಲ್ಲಿ ಹುಟ್ಟಿ, ರಸಾಯನ ಎಂಜಿನಿಯರಿಂಗ್ ಓದಿ, ಚಿಂಬೋಟೆಯಲ್ಲಿ ಕಾರ್ಖಾನೆ ಆರಂಭಿಸಿ, ಜಗತ್ತಿನ ಅತಿದೊಡ್ಡ ಮೀನುಹಿಟ್ಟು ಉದ್ಯಮಿಗಳಲ್ಲಿ ಒಬ್ಬನಾದ ಈತ ಪತ್ರಿಕೆಗಳನ್ನೂ ಸ್ಥಾಪಿಸಿದ. 1972ರ ಜನವರಿ 1ರಂದು, 42ನೆಯ ವಯಸ್ಸಿನಲ್ಲಿ, ರಾಜಧಾನಿ ಲಿಮಾದ ಹೊರವಲಯದ ತನ್ನ ಮನೆಯಲ್ಲಿ ಕೊಲೆಯಾದ. ತೋಟದ ಮಾಲಿಯ ಮಗನಿಗೆ ಶಿಕ್ಷೆಯಾದರೂ ಆ ಕೊಲೆಯ ಕುರಿತ ಊಹಾಪೋಹಗಳು ಪೆರುವಿನಲ್ಲಿ ಇನ್ನೂ ತಣಿದಿಲ್ಲ. ಉದ್ಯಮದ ದೊರೆ ಸತ್ತ ವರ್ಷವೇ ಉದ್ಯಮವೂ ಕುಸಿದದ್ದನ್ನು ಅಲ್ಲಿನ ಜನ ಒಟ್ಟಿಗೇ ನೆನೆಯುವುದು ಸಹಜ.

ಎಚ್ಚರಿಕೆಗಳಿರಲಿಲ್ಲವೆಂದಲ್ಲ. 1964ರಲ್ಲಿ ವಿಶ್ವಸಂಸ್ಥೆಯ ನೆರವಿನೊಂದಿಗೆ ರೂಪುಗೊಂಡ ಪೆರುವಿನ ಸಾಗರ ಸಂಶೋಧನಾ ಸಂಸ್ಥೆ ‘ಇಮಾರ್ಪೆ’ ಆ ಕಾಲಕ್ಕೆ ಯಾವ ಅಭಿವೃದ್ಧಿಶೀಲ ದೇಶದಲ್ಲೂ ಇಲ್ಲದಷ್ಟು ಅಂಕಿ-ಅಂಶಗಳನ್ನು ಕಲೆಹಾಕಿತ್ತು. ಅಮೆರಿಕದ ವಿಜ್ಞಾನಿ ಮಿಲ್ನರ್ ಶೇಫರ್ ಹಕ್ಕಿಗಳು ತಿನ್ನುವ ಪಾಲನ್ನೂ ಲೆಕ್ಕಕ್ಕೆ ಹಿಡಿದು ಸುರಕ್ಷಿತ ಮಿತಿಯನ್ನು ಗುಣಿಸಿದ್ದರು. 1970ರಲ್ಲಿ ಸೇರಿದ ಅಂತಾರಾಷ್ಟ್ರೀಯ ತಜ್ಞರ ಸಮಿತಿ ವರ್ಷಕ್ಕೆ ಸುಮಾರು 95 ಲಕ್ಷ ಟನ್‌ಗಿಂತ ಹೆಚ್ಚು ಹಿಡಿಯಲಾಗದೆಂದು ಹೇಳಿತು. ಅದೇ ವರ್ಷ ಹಿಡಿದದ್ದು 1 ಕೋಟಿ 20 ಲಕ್ಷ ಟನ್ ಮೀರಿತ್ತು. ಲೆಕ್ಕಕ್ಕೆ ಸಿಗದೆ ಹೋದದ್ದು, ದಕ್ಕೆಗೆ ಬರುವ ಮುನ್ನವೇ ಕೊಳೆತು ಸುರಿದದ್ದು ಬೇರೆ. ಸಾಲ ಮಾಡಿ ಕಟ್ಟಿದ ಕಾರ್ಖಾನೆಗಳು, ಸಾಲ ಮಾಡಿ ಕೊಂಡ ಸಾವಿರಕ್ಕೂ ಮಿಕ್ಕ ಪರ್ಸೀನ್ ದೋಣಿಗಳು; ಕಂತು ಕಟ್ಟಬೇಕೆಂದರೆ ಕಡಲಿಗಿಳಿಯಲೇಬೇಕು. ವಿಜ್ಞಾನಕ್ಕೆ ಸಂಖ್ಯೆ ಗೊತ್ತಿತ್ತು. ಆ ಸಂಖ್ಯೆಯನ್ನು ದೋಣಿಗಳ ಮೇಲೆ ಹೇರುವ ಅಧಿಕಾರ ಯಾರ ಬಳಿಯೂ ಇರಲಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಕರಾವಳಿ ರಾಷ್ಟ್ರಗಳು ಮೀನು ಕಡಿಮೆಯಾದಾಗ ಸಾಮಾನ್ಯವಾಗಿ ಪರದೇಶದ ಹಡಗುಗಳತ್ತ ಬೆರಳು ತೋರುತ್ತವೆ. ಪೆರುವಿಗೆ ಆ ಅವಕಾಶವಿರಲಿಲ್ಲ. ತೀರದಿಂದ 200 ಮೈಲಿವರೆಗಿನ ಕಡಲು ತನ್ನದೆಂದು 1947ರಷ್ಟು ಹಿಂದೆಯೇ ಅದು ಘೋಷಿಸಿತ್ತು. ಇಂದು ಜಗತ್ತೆಲ್ಲ ಒಪ್ಪಿರುವ 200 ಮೈಲಿಯ ವಿಶೇಷ ಆರ್ಥಿಕ ವಲಯದ ಕಲ್ಪನೆಯ ಮೂಲಪುರುಷರಲ್ಲಿ ಚಿಲಿ ಹಾಗೂ ಪೆರು ಸೇರಿವೆ. ಆಂಚೊವೆಟಾವನ್ನು ಬರಿದು ಮಾಡಿದ್ದು ಸ್ವದೇಶದ ದೋಣಿಗಳೇ.

1972: ಬೆಚ್ಚಗಾದ ಕಡಲು

ಪೆರುವಿನ ಉತ್ತರ ತೀರದ ಮೀನುಗಾರರು ಕ್ರಿಸ್ಮಸ್ ಸುಮಾರಿಗೆ ಕಾಣಿಸಿಕೊಳ್ಳುವ ಬೆಚ್ಚನೆಯ ಪ್ರವಾಹಕ್ಕೆ ಬಾಲಯೇಸುವಿನ ಹೆಸರಿಟ್ಟು ಎಲ್ ನಿನೊ ಎಂದು ಕರೆಯುತ್ತಿದ್ದರು. ಕೆಲವು ವರ್ಷಗಳಲ್ಲಿ ಈ ಬಿಸುಪು ತಿಂಗಳುಗಟ್ಟಲೆ ನಿಂತುಬಿಡುತ್ತದೆ. ಆಗ ಮೇಲ್ಪದರದ ಬಿಸಿನೀರು ದಪ್ಪವಾಗಿ, ಗಾಳಿ ಎಷ್ಟೇ ಬೀಸಿದರೂ ಪೋಷಕಾಂಶವಿಲ್ಲದ ನೀರೇ ಮೇಲೇಳುತ್ತದೆ. ಆಂಚೊವೆಟಾ ಉಳಿದ ತಣ್ಣೀರಿನ ಸಣ್ಣ ಪಟ್ಟಿಗಳನ್ನು ಹುಡುಕಿಕೊಂಡು ದಡಕ್ಕೆ ಹತ್ತಿರವಾಗಿ ಒತ್ತೊತ್ತಾಗಿ ನೆರೆಯುತ್ತದೆ. ದೋಣಿಯವರಿಗೆ ಇದು ಸುಗ್ಗಿಯಂತೆ ಕಾಣುತ್ತದೆ. 1972ರ ಆರಂಭದಲ್ಲಿ ಆದದ್ದು ಇದೇ. ಮೀನು ಅಪಾರ ಸಿಕ್ಕಿತು. ಆದರೆ ಸಿಕ್ಕಿದ್ದರಲ್ಲಿ ಹೊಸ ಪೀಳಿಗೆಯ ಮರಿಗಳು ಕಾಣಲಿಲ್ಲ. ಇಮಾರ್ಪೆಯ ಸಮೀಕ್ಷೆ ಅದನ್ನು ಗುರುತಿಸಿ ಎಚ್ಚರಿಸುವ ಹೊತ್ತಿಗೆ ಮೊಟ್ಟೆಯಿಡಬೇಕಿದ್ದ ತಾಯಿಮೀನುಗಳ ಬಹುಪಾಲು ಕಾರ್ಖಾನೆಯ ಕುಲುಮೆ ಸೇರಿತ್ತು. ವರ್ಷದ ಮಧ್ಯಭಾಗದಲ್ಲಿ ಮೀನುಗಾರಿಕೆ ನಿಲ್ಲಿಸಲಾಯಿತು. ತಡವಾಗಿತ್ತು.

ಎಲ್ ನಿನೊ ಇಲ್ಲದಿದ್ದರೆ ಕುಸಿತ ಆಗುತ್ತಿರಲಿಲ್ಲವೇ ಎಂಬುದು ದೀರ್ಘಕಾಲದ ಚರ್ಚೆ. ಪ್ರಕೃತಿಯನ್ನೇ ಪೂರ್ಣ ಹೊಣೆ ಮಾಡುವುದು ಉದ್ಯಮಕ್ಕೆ ಅನುಕೂಲಕರವಾಗಿತ್ತು. ಆದರೆ 1957-58ರಲ್ಲೂ 1965ರಲ್ಲೂ ಕಡಲು ಬೆಚ್ಚಗಾಗಿತ್ತು. ಆಗ ಹಕ್ಕಿಗಳು ಸತ್ತವು, ಮೀನು ಚೇತರಿಸಿಕೊಂಡಿತು. 1972ರಲ್ಲಿ ಮಾತ್ರ ಚೇತರಿಸಿಕೊಳ್ಳಲು ಬೇಕಾದಷ್ಟು ಮೀನು ಕಡಲಲ್ಲಿ ಉಳಿದಿರಲಿಲ್ಲ.

ಅದೇ ಎಲ್ ನಿನೊದ ಇನ್ನೊಂದು ತುದಿ ನಮ್ಮನ್ನೂ ತಟ್ಟಿತು. 1972ರಲ್ಲಿ ಭಾರತದ ಮುಂಗಾರು ವಾಡಿಕೆಗಿಂತ ಸುಮಾರು ಶೇ. 24ರಷ್ಟು ಕೊರತೆ ಕಂಡಿತು. ಮಹಾರಾಷ್ಟ್ರ ಹಾಗೂ ಆಗಿನ್ನೂ ಮೈಸೂರು ರಾಜ್ಯವೆಂದೇ ಕರೆಯಲಾಗುತ್ತಿದ್ದ ನಮ್ಮ ನಾಡಿನ ಉತ್ತರ ಜಿಲ್ಲೆಗಳು ಬರಕ್ಕೆ ತುತ್ತಾದವು. ಚಿಂಬೋಟೆಯ ಖಾಲಿ ದಕ್ಕೆಗೂ ಬತ್ತಿದ ಕೆರೆಗಳಿಗೂ ಕಾರಣ ಒಂದೇ ಆಗಿತ್ತೆಂಬುದು ಆ ದಿನಗಳಲ್ಲಿ ಇಲ್ಲಿ ಬಹುತೇಕ ಯಾರಿಗೂ ತಿಳಿದಿರಲಿಲ್ಲ. ಮೀನುಹಿಟ್ಟಿನ ಕೊರತೆಯಿಂದ ಮೇವಿಗೆ ಸೋಯಾ ಅವರೆಯ ಬೇಡಿಕೆ ಹೆಚ್ಚಿ ಬೆಲೆ ಗಗನಕ್ಕೇರಿತು; 1973ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಸೋಯಾ ರಫ್ತನ್ನೇ ತಡೆದರು. ಅಮೆರಿಕವನ್ನೇ ನೆಚ್ಚಿಕೊಂಡಿದ್ದ ಜಪಾನ್ ಬೆಚ್ಚಿಬಿದ್ದು ಬ್ರೆಜಿಲ್‌ನಲ್ಲಿ ಸೋಯಾ ಬೇಸಾಯಕ್ಕೆ ಬಂಡವಾಳ ಹೂಡತೊಡಗಿದ್ದು ಇದರ ನಂತರವೇ.

ರಾಷ್ಟ್ರೀಕರಣ ಮತ್ತು ಸಾರ್ಡೀನಿನ ಮಧ್ಯಂತರ

1968ರಲ್ಲಿ ಅಧಿಕಾರ ವಶಪಡಿಸಿಕೊಂಡಿದ್ದ ಜನರಲ್ ಹುವಾನ್ ವೆಲಾಸ್ಕೊ ಅವರ ಸೇನಾ ಸರ್ಕಾರ 1973ರ ಮೇ 7ರಂದು ಇಡೀ ಮೀನುಹಿಟ್ಟು ಉದ್ಯಮವನ್ನು ರಾಷ್ಟ್ರೀಕರಿಸಿ ‘ಪೆಸ್ಕಾ ಪೆರು’ ಎಂಬ ಸರ್ಕಾರಿ ಸಂಸ್ಥೆಗೆ ಒಪ್ಪಿಸಿತು. ಬಂಡವಾಳಗಾರರ ಕೈಯಿಂದ ಸಂಪತ್ತನ್ನು ಕಸಿದುಕೊಂಡ ಕ್ರಾಂತಿಕಾರಿ ಹೆಜ್ಜೆಯೆಂದು ಇದನ್ನು ಬಣ್ಣಿಸಲಾಯಿತಾದರೂ ಸರ್ಕಾರದ ಕೈಗೆ ಬಂದದ್ದು ಮೀನಿಲ್ಲದ ಕಡಲು, ತುಕ್ಕು ಹಿಡಿಯುತ್ತಿದ್ದ ದೋಣಿಗಳು ಮತ್ತು ಸಾಲದ ಹೊರೆ. ಉದ್ಯಮಿಗಳಲ್ಲಿ ಕೆಲವರಾದರೂ ಒಳಗೊಳಗೇ ನಿಟ್ಟುಸಿರು ಬಿಟ್ಟಿರಬೇಕು. ಸಂಸ್ಥೆ ಹೆಚ್ಚುವರಿ ದೋಣಿಗಳನ್ನೂ ಕಾರ್ಖಾನೆಗಳನ್ನೂ ಮುಚ್ಚಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. 1976ರಲ್ಲಿ ದೋಣಿಗಳನ್ನು ಮತ್ತೆ ಖಾಸಗಿಯವರಿಗೆ ಮಾರಲಾಯಿತು.

ಈ ನಡುವೆ ಕಡಲಿನಲ್ಲಿ ಸದ್ದಿಲ್ಲದೆ ಬೇರೊಂದು ಬದಲಾವಣೆ ನಡೆದಿತ್ತು. ಆಂಚೊವೆಟಾ ತೆರವು ಮಾಡಿದ ಜಾಗಕ್ಕೆ ಸಾರ್ಡೀನ್ ಬಂದಿತು. 1970ರ ದಶಕದ ಉತ್ತರಾರ್ಧ ಮತ್ತು 1980ರ ದಶಕದಲ್ಲಿ ಪೆರುವಿನ ಡಬ್ಬಿ ಮೀನಿನ ಉದ್ಯಮ ಬದುಕಿದ್ದು ಅದರಿಂದಲೇ. 1982-83ರ ಎಲ್ ನಿನೊ 1972ರದಕ್ಕಿಂತಲೂ ಉಗ್ರವಾಗಿತ್ತು. ಉಳಿದಿದ್ದ ಅಷ್ಟಿಷ್ಟು ಆಂಚೊವೆಟಾವೂ ಹೋಯಿತೆಂದು ಭಾವಿಸಿದವರು ಬಹಳ. ಕಡಲ ತಳದ ಕೆಸರಿನಲ್ಲಿ ಪದರಪದರವಾಗಿ ಹುದುಗಿರುವ ಮೀನಿನ ಹುರುಪೆಗಳನ್ನು ಎಣಿಸಿದಾಗ, ಕಡಲು ತುಸು ಬೆಚ್ಚಗಿರುವ ಕೆಲವು ದಶಕಗಳು ಸಾರ್ಡೀನಿಗೂ ತಣ್ಣಗಿರುವ ಕೆಲವು ದಶಕಗಳು ಆಂಚೊವೆಟಾಕ್ಕೂ ಒಲಿಯುತ್ತವೆ ಎಂಬುದಕ್ಕೆ ಸಾಕ್ಷ್ಯ ದೊರೆತದ್ದು ಆಮೇಲೆ. 1980ರ ದಶಕದ ಕೊನೆಯಿಂದ ತಣ್ಣೀರು ಮರಳಿತು. ಮರಳಿದ್ದು ತಣ್ಣೀರು ಮಾತ್ರವಲ್ಲ, ಹಿಡಿಯುವ ಹಸಿವೂ ಮರಳಿತು.

1991ರ ಜನವರಿಯಲ್ಲಿ ಚಿಂಬೋಟೆ ಹಾಗೂ ಲಿಮಾದ ಉತ್ತರದ ಚಾಂಕಾಯ್ ಬಂದರಿನಲ್ಲಿ ಕಾಣಿಸಿಕೊಂಡ ಕಾಲರಾ ಆ ವರ್ಷದೊಳಗೆ ಪೆರುವಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಬಾಧಿಸಿತು. ಹಸಿ ಮೀನಿನ ‘ಸೆವಿಚೆ’ ತಿನ್ನಬಾರದೆಂಬ ಭೀತಿ ಹಬ್ಬಿ ಸಣ್ಣ ಮೀನುಗಾರರ ಮಾರುಕಟ್ಟೆ ಮುಚ್ಚಿತು. ಮೀನುಹಿಟ್ಟಿನ ಕಾರ್ಖಾನೆಗಳಿಗೆ ಮಾತ್ರ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ.

ನಿಲ್ಲಿಸುವುದನ್ನು ಕಲಿತದ್ದು

1990ರ ದಶಕದಲ್ಲಿ ಅಧ್ಯಕ್ಷ ಆಲ್ಬೆರ್ಟೊ ಫುಜಿಮೊರಿ ಅವರ ಸರ್ಕಾರ ಪೆಸ್ಕಾ ಪೆರುವಿನ ಕಾರ್ಖಾನೆಗಳನ್ನು ಒಂದೊಂದಾಗಿ ಮಾರಿತು. 1992ರ ಮೀನುಗಾರಿಕಾ ಕಾನೂನಿನಡಿ ಹಳೆಯ ದೋಣಿಯೊಂದನ್ನು ತೆಗೆಯದೆ ಹೊಸ ದೋಣಿ ಇಳಿಸುವಂತಿಲ್ಲವೆಂಬ ನಿಯಮ ಬಂತು. ಕಾಗದದ ಮೇಲೆ ಸರಿಯಾಗಿದ್ದ ನಿಯಮದಲ್ಲಿ ಬಿರುಕುಗಳು ಧಾರಾಳವಾಗಿದ್ದವು. ಆದರೂ 1997-98ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಬಂದೆರಗಿದಾಗ ಪೆರು 1972ರಂತೆ ವರ್ತಿಸಲಿಲ್ಲ. ಇಮಾರ್ಪೆಯ ಸೂಚನೆಯಂತೆ ಮೀನುಗಾರಿಕೆಯನ್ನು ಮತ್ತೆಮತ್ತೆ ತಡೆಯಲಾಯಿತು. 1998ರಲ್ಲಿ ಹಿಡಿದ ಆಂಚೊವೆಟಾ 12 ಲಕ್ಷ ಟನ್ ಆಸುಪಾಸು ಮಾತ್ರ. 2000ದಲ್ಲಿ ಅದು 90 ಲಕ್ಷ ಟನ್ ಮೀರಿತು. 1972ರ ಆಘಾತದಿಂದ ಚೇತರಿಸಿಕೊಳ್ಳಲು ಎರಡು ದಶಕ, 1998ರದಕ್ಕೆ ಎರಡು ವರ್ಷ. ಅನುಕೂಲಕರವಾದ ತಣ್ಣೀರಿನ ಪಾಲು ಇದರಲ್ಲಿ ದೊಡ್ಡದೇ. ಆದರೆ ಸಕಾಲದಲ್ಲಿ ದೋಣಿ ನಿಲ್ಲಿಸಿದ್ದರ ಪಾಲನ್ನು ಕಡೆಗಣಿಸುವಂತಿಲ್ಲ.

ಈ ನಿಲ್ಲಿಸುವ ವ್ಯವಸ್ಥೆಯ ಒಳಗನ್ನು ನೋಡುವುದು ಉಪಯುಕ್ತ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನಿನ ಸ್ಥಿತಿ ಏನೇ ಇರಲಿ, ದಿನಾಂಕ ಬದಲಾಗದು. ಪೆರುವಿನಲ್ಲಿ ದಿನಾಂಕವನ್ನು ಮೀನು ನಿರ್ಧರಿಸುತ್ತದೆ. ಆಂಚೊವೆಟಾದ ಬಹುಪಾಲು ಬರುವ ಉತ್ತರ-ಮಧ್ಯ ವಲಯದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಎರಡು ಋತು. ಪ್ರತಿ ಋತುವಿಗೆ ಮೊದಲು ಇಮಾರ್ಪೆಯ ಹಡಗು ತೀರದುದ್ದಕ್ಕೂ ಸಂಚರಿಸಿ, ಧ್ವನಿತರಂಗಗಳಿಂದ ಹಿಂಡುಗಳನ್ನು ಅಳೆದು, ಮಾದರಿ ಬಲೆ ಬೀಸಿ, ಕಡಲಲ್ಲಿ ಎಷ್ಟು ಟನ್ ಮೀನಿದೆ, ಅದರಲ್ಲಿ ಮರಿ ಎಷ್ಟು, ಮೊಟ್ಟೆಯಿಡುವ ಹಂತದ್ದೆಷ್ಟು ಎಂದು ಅಂದಾಜು ಮಾಡುತ್ತದೆ. ತುರ್ತಾಗಿ ಮಾಹಿತಿ ಬೇಕಾದಾಗ ಖಾಸಗಿ ದೋಣಿಗಳನ್ನೇ ಒಟ್ಟಿಗೆ ಕಡಲಿಗಿಳಿಸಿ ಸಮೀಕ್ಷೆ ನಡೆಸುವ ‘ಯುರೇಕಾ’ ಎಂಬ ಪದ್ಧತಿ 1966ರಿಂದಲೂ ಇದೆ. ಮೊಟ್ಟೆಯಿಡಲು ಬೇಕಾದಷ್ಟು ಮೀನನ್ನು ಕಡಲಲ್ಲಿ ಉಳಿಸಿ, ಮಿಕ್ಕದ್ದರಲ್ಲಿ ಹಿಡಿಯಬಹುದಾದ ಮಿತಿಯನ್ನು ಉತ್ಪಾದನಾ ಸಚಿವಾಲಯ ಪ್ರಕಟಿಸುತ್ತದೆ. ಋತು ಆರಂಭವಾದ ಮೇಲೂ ದೋಣಿಗಳ ಚಲನೆಯನ್ನು ಉಪಗ್ರಹ ಗಮನಿಸುತ್ತದೆ. ತೀರದ ಮೊದಲ ಐದು ಮೈಲಿ ಅವಕ್ಕೆ ನಿಷಿದ್ಧ. 12 ಸೆಂಟಿಮೀಟರ್‌ಗಿಂತ ಸಣ್ಣ ಮರಿಗಳು ಶೇ. 10 ಮೀರಿ ಬಲೆಗೆ ಬಿದ್ದ ಪ್ರದೇಶವನ್ನು ಕೆಲವು ದಿನ ಮುಚ್ಚಲಾಗುತ್ತದೆ.

ಇಷ್ಟಿದ್ದರೂ 2008ರವರೆಗೆ ಒಂದು ಮೂಲಭೂತ ದೋಷ ಉಳಿದಿತ್ತು. ಮಿತಿ ಇಡೀ ನೌಕಾಪಡೆಗೆ ಒಟ್ಟಾಗಿ ಅನ್ವಯಿಸುತ್ತಿತ್ತು. ಯಾರು ಮೊದಲು ಹಿಡಿದರೆ ಅವರದು. ಆದ್ದರಿಂದ ಋತು ಆರಂಭದ ದಿನ ಸಾವಿರಕ್ಕೂ ಹೆಚ್ಚು ದೋಣಿಗಳು ಓಟದ ಕುದುರೆಗಳಂತೆ ನುಗ್ಗುತ್ತಿದ್ದವು. ವರ್ಷವಿಡೀ ಹಿಡಿಯಬೇಕಾದ ಮೀನು ಐವತ್ತರ ಆಸುಪಾಸು ದಿನಗಳಲ್ಲಿ ಮುಗಿಯುತ್ತಿತ್ತು. ಒಮ್ಮೆಲೇ ಬಂದು ಬಿದ್ದ ರಾಶಿಯನ್ನು ಕಾರ್ಖಾನೆ ಅರೆಯುವಷ್ಟರಲ್ಲಿ ಕೊಳೆತು ಹಿಟ್ಟು ಕಳಪೆಯಾಗುತ್ತಿತ್ತು. ಉಳಿದ ದಿನಗಳಲ್ಲಿ ದೋಣಿ, ಕಾರ್ಖಾನೆ, ಕಾರ್ಮಿಕ ಮೂವರೂ ನಿಷ್ಕ್ರಿಯ. ಅಧ್ಯಕ್ಷ ಅಲಾನ್ ಗಾರ್ಸಿಯಾ ಅವರ ಸರ್ಕಾರ 2008ರ ಜೂನ್‌ನಲ್ಲಿ ಹೊರಡಿಸಿದ 1084ನೆಯ ಶಾಸನಾತ್ಮಕ ಆದೇಶ ಒಟ್ಟು ಮಿತಿಯನ್ನು ದೋಣಿವಾರು ಹಂಚಿತು. ಹಿಂದಿನ ವರ್ಷಗಳ ಹಿಡಿತ ಮತ್ತು ದೋಣಿಯ ಸಾಮರ್ಥ್ಯ ಇವುಗಳ ಆಧಾರದಲ್ಲಿ ಪ್ರತಿ ದೋಣಿಗೂ ಶೇಕಡಾವಾರು ಪಾಲು. 2009ರಿಂದ ಇದು ಜಾರಿಗೆ ಬಂತು. ಓಟ ನಿಂತಿತು. ಒಂದು ಕಂಪೆನಿ ತನ್ನ ಹಲವು ದೋಣಿಗಳ ಪಾಲನ್ನು ಕೆಲವೇ ದೋಣಿಗಳಿಂದ ಹಿಡಿಯಬಹುದಾದ್ದರಿಂದ ನೂರಾರು ದೋಣಿಗಳು ಲಂಗರು ಹಾಕಿದವು. ಋತು ದೀರ್ಘವಾಯಿತು, ತಾಜಾ ಮೀನಿನಿಂದ ಉತ್ತಮ ದರ್ಜೆಯ ಹಿಟ್ಟು ಬಂದು ಬೆಲೆಯೂ ಏರಿತು. ಕೆಲಸ ಕಳೆದುಕೊಂಡ ಮೀನುಗಾರರ ನಿವೃತ್ತಿ, ಮರುತರಬೇತಿಗೆ ಕಂಪೆನಿಗಳ ಹಣದಿಂದ ಒಂದು ನಿಧಿ ಸ್ಥಾಪನೆಯಾಯಿತು.

ಮರಿಮೀನು ರಕ್ಷಣೆಯ ಕ್ರಮ ಮಾತ್ರ ತಿರುಗುಬಾಣವಾದ ಪ್ರಸಂಗ ಸ್ವಾರಸ್ಯಕರ. ಇಂಥ ಪ್ರದೇಶ ಮುಚ್ಚಿದೆ ಎಂದು ಸರ್ಕಾರ ಪ್ರಕಟಿಸಿದೊಡನೆ ಅಲ್ಲಿ ಮೀನಿನ ಹಿಂಡಿದೆ ಎಂಬ ಸುದ್ದಿ ಎಲ್ಲ ದೋಣಿಗಳಿಗೂ ಉಚಿತವಾಗಿ ಸಿಕ್ಕಂತಾಯಿತು. ಅವು ಆ ಗಡಿಯ ಹೊರಗೇ ನೆರೆದು, ನಿಷೇಧ ಮುಗಿಯುವುದನ್ನೇ ಕಾದು ಬಲೆ ಬೀಸಿದವು. ಅರ್ಥಶಾಸ್ತ್ರಜ್ಞ ಗೇಬ್ರಿಯೆಲ್ ಇಂಗ್ಲೆಂಡರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ತಾತ್ಕಾಲಿಕ ನಿಷೇಧಗಳಿಂದ ಮರಿಮೀನುಗಳ ಹಿಡಿತ ಕಡಿಮೆಯಾಗುವ ಬದಲು ಸುಮಾರು ಅರ್ಧದಷ್ಟು ಹೆಚ್ಚಾಯಿತು.

ತಟ್ಟೆಗೆ ಬಾರದ ಮೀನು

ಚೇತರಿಕೆಯ ಇನ್ನೊಂದು ಮಗ್ಗುಲಿಗೆ ಬರೋಣ. ಪೆರುವಿನ ಆಂಚೊವೆಟಾದಲ್ಲಿ ಮನುಷ್ಯರು ನೇರವಾಗಿ ತಿನ್ನುವ ಪಾಲು ಶೇ. ಒಂದೆರಡು ಮಾತ್ರ. ಉಳಿದದ್ದೆಲ್ಲ ಹಿಟ್ಟು ಮತ್ತು ಎಣ್ಣೆಯಾಗಿ, ಬಹುಪಾಲು ಚೀನಾಕ್ಕೆ ಹೋಗಿ, ಸಾಕಣೆಯ ಸಿಗಡಿ, ಮೀನು, ಹಂದಿಮರಿಗಳ ಮೇವಾಗುತ್ತದೆ. ಒಂದು ಕಿಲೊ ಹಿಟ್ಟಿಗೆ ನಾಲ್ಕು ಕಿಲೊಗೂ ಹೆಚ್ಚು ಮೀನು ಬೇಕು. ಕಬ್ಬಿಣಾಂಶ, ಒಮೆಗಾ-3 ಸಮೃದ್ಧವಾದ ಈ ಮೀನು ತೀರದಲ್ಲಿ ರಾಶಿ ಬೀಳುವ ದೇಶದಲ್ಲೇ ಮೂರು ವರ್ಷದೊಳಗಿನ ಮಕ್ಕಳಲ್ಲಿ ಹತ್ತರಲ್ಲಿ ನಾಲ್ವರು ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಆಂಡಿಸ್ ಬೆಟ್ಟಗಳ ಜಿಲ್ಲೆಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು.

ಇದನ್ನು ಬದಲಿಸುವ ಪ್ರಯತ್ನಗಳು ನಡೆದಿವೆ. ಜೀವವಿಜ್ಞಾನಿ ಪೆಟ್ರಿಷಿಯಾ ಮಜ್ಲುಫ್ ಮತ್ತು ಸಂಗಡಿಗರು 2006ರಲ್ಲಿ ಲಿಮಾದ ಹೆಸರಾಂತ ಹೋಟೆಲುಗಳ ಬಾಣಸಿಗರನ್ನು ಒಲಿಸಿ ‘ಆಂಚೊವೆಟಾ ಸಪ್ತಾಹ’ ನಡೆಸಿದರು. ಕೋಳಿ ಮೇವೆಂದು ಹೀಗಳೆಯಲಾಗುತ್ತಿದ್ದ ಮೀನು ಒಂದು ವಾರದ ಮಟ್ಟಿಗೆ ಶ್ರೀಮಂತರ ತಟ್ಟೆ ಏರಿತು. 2012ರಿಂದ ‘ಎ ಕೊಮೆರ್ ಪೆಸ್ಕಾಡೊ’, ಅಂದರೆ ಮೀನು ತಿನ್ನೋಣ ಎಂಬ ಸರ್ಕಾರಿ ಕಾರ್ಯಕ್ರಮವೂ ಇದೆ. ಆದರೆ ಡಬ್ಬಿ ತುಂಬಲು ಮೀನನ್ನು ಐಸ್ ಹಾಕಿ ಜೋಪಾನವಾಗಿ ತರಬೇಕು, ಕೈಯಿಂದ ಶುಚಿ ಮಾಡಬೇಕು. ಹಿಟ್ಟಿಗಾದರೆ ಪಂಪಿನಿಂದ ಸುರಿದರಾಯಿತು. ಆಹಾರಕ್ಕೆಂದೇ ಪರವಾನಗಿ ಪಡೆದ ಸಣ್ಣ ದೋಣಿಗಳು ಸಹ ತಮ್ಮ ಮೀನನ್ನು ಕಳ್ಳದಾರಿಯಲ್ಲಿ ಹಿಟ್ಟಿನ ಗಿರಣಿಗಳಿಗೇ ಮಾರುವುದು ರಹಸ್ಯವೇನಲ್ಲ. ಕೋಟಾದ ಅರ್ಧಕ್ಕಿಂತ ಹೆಚ್ಚು ಕೆಲವೇ ದೊಡ್ಡ ಕಂಪೆನಿಗಳ ಕೈಯಲ್ಲಿದೆ. ರಾಷ್ಟ್ರದ ಸಂಪತ್ತಿಗೆ ಅವು ಸರ್ಕಾರಕ್ಕೆ ತೆರುವ ಶುಲ್ಕ ತೀರಾ ಕಡಿಮೆಯೆಂಬುದು ಅಲ್ಲಿ ಹಳೆಯ ದೂರು. ಮಂಗಳೂರು ಸುತ್ತಲ ಫಿಶ್‌ಮೀಲ್ ಕಾರ್ಖಾನೆಗಳಿಗೆ ಬೂತಾಯಿ ಲಾರಿಗಟ್ಟಲೆ ಹೋಗುವುದನ್ನು ಕಂಡವರಿಗೆ ಈ ಲೆಕ್ಕಾಚಾರವನ್ನು ವಿವರಿಸಬೇಕಾಗಿಲ್ಲ.

ಪೆರುವಿನ ವ್ಯವಸ್ಥೆ ಇತ್ತೀಚೆಗೆ ಎದುರಿಸಿದ ಅತಿ ಕಠಿಣ ಪರೀಕ್ಷೆ 2023ರದು. ಆ ವರ್ಷ ತೀರದ ನೀರು ಮತ್ತೆ ಬೆಚ್ಚಗಾಯಿತು. ಜೂನ್‌ನಲ್ಲಿ ಪ್ರಾಯೋಗಿಕವಾಗಿ ದೋಣಿಗಳನ್ನು ಬಿಟ್ಟಾಗ ಬಲೆಗೆ ಬಿದ್ದದ್ದರಲ್ಲಿ ಮರಿಗಳೇ ವಿಪರೀತ. ಸರ್ಕಾರ ಉತ್ತರ-ಮಧ್ಯ ವಲಯದ ಮೊದಲ ಋತುವನ್ನೇ ರದ್ದುಪಡಿಸಿತು. 2014ರ ಎರಡನೆಯ ಋತುವನ್ನೂ ಹೀಗೆಯೇ ಕೈಬಿಡಲಾಗಿತ್ತು. ಮೀನುಹಿಟ್ಟಿನ ಜಾಗತಿಕ ಬೆಲೆ ದಾಖಲೆ ಮುಟ್ಟಿತು, ಪೆರುವಿನ ಅರ್ಥವ್ಯವಸ್ಥೆ ಆ ವರ್ಷ ಕುಗ್ಗಿದ್ದಕ್ಕೆ ಇದೂ ಒಂದು ಕಾರಣವಾಯಿತು, ಚಿಂಬೋಟೆಯ ಮೀನುಗಾರರು ತಿಂಗಳುಗಟ್ಟಲೆ ಸಂಪಾದನೆಯಿಲ್ಲದೆ ಕುಳಿತರು. ಹಕ್ಕಿಜ್ವರದಿಂದ ಅದಾಗಲೇ ಲಕ್ಷಾಂತರ ಕಡಲಹಕ್ಕಿಗಳು ಸತ್ತಿದ್ದವು. ವರ್ಷದ ಎರಡನೆಯ ಋತುವಿಗೆ ನಿಗದಿಪಡಿಸಿದ್ದು ಕೇವಲ 16.82 ಲಕ್ಷ ಟನ್. ಅದೂ ಪೂರ್ತಿ ದೊರೆಯಲಿಲ್ಲ. 2024ರ ಮೊದಲ ಋತುವಿಗೆ 24.75 ಲಕ್ಷ ಟನ್, ಎರಡನೆಯದಕ್ಕೆ 25.1 ಲಕ್ಷ ಟನ್. 2025ರ ಮೊದಲ ಋತುವಿಗೆ ನಿಗದಿಯಾದ ಮಿತಿ 30 ಲಕ್ಷ ಟನ್.